ಟವೆಲಿನ ಕೆಳಗಿನ ಬೆರಳು

ಶರಣಬಂಧುಗಳೇ,

ಶ್ರೀಮಂತನೊಬ್ಬನ ಕಥೆ ಎಂದರೆ ನಾವು ಮೊದಲು ಅವನ ಊರು ಯಾವುದೆಂದು ಕೇಳುತ್ತೇವೆ. ಇಂದಿನ ದೃಷ್ಟಾಂತದ ಶ್ರೀಮಂತನಿಗೆ ಊರೇ ಇಲ್ಲ. ನೂರ ಎಂಬತ್ತು ಕುರಿ, ಎರಡು ನಾಯಿ, ಗಂಟುಮೂಟೆ ಹೊರಲು ಒಂದು ಕುದುರೆ, ಹೊದೆಯಲು ಕರಿಯ ಕಂಬಳಿ, ಜೊತೆಗೆ ನಡೆಯಲು ಹೆಂಡತಿ. ದೀಪಾವಳಿ ಮುಗಿಸಿ ಹೊರಟರೆ ಮುಂಗಾರಿನ ಮೋಡ ಕಾಣುವವರೆಗೆ ಇಂದು ಈ ಬಯಲು, ನಾಳೆ ಆ ಬಯಲು. ಮನೆಯೇ ಇಲ್ಲದವನು ಎಂಥ ಶ್ರೀಮಂತ ಎಂದು ನೀವು ಕೇಳಬಹುದು. ನೋಡಿ, ಇದ್ದದ್ದು ಸಾಕು ಎನ್ನುವವನೇ ಶ್ರೀಮಂತ. ಕಥೆಯ ಆರಂಭದಲ್ಲಿ ಅವನು ಹಾಗೆಯೇ ಇದ್ದ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಈ ಕಥೆಯನ್ನು ಕಂಬಳಿ ಮಾರುವ ಇಬ್ಬರು ಹಿರಿಯರು ಎರಡು ಬೇರೆ ಬೇರೆ ಊರುಗಳಲ್ಲಿ ಹೇಳಿದರು. ಒಬ್ಬರು ಕುರಿಗಾರನ ಹೆಸರು ಮಾಳಪ್ಪ ಎಂದರು. ಇನ್ನೊಬ್ಬರು ಹೆಸರು ಹೇಳಲೊಪ್ಪದೆ ‘ಒಬ್ಬ ಕುರಿಗಾರ’ ಎಂದಷ್ಟೇ ಅಂದರು. ಹೆಸರು ಹೇಳದವರೇ ಜಾಣರು. ಹೆಸರಿಲ್ಲದ ಜಾಗದಲ್ಲಿ ಕೇಳುವವನು ತನ್ನ ಹೆಸರನ್ನು ಇಟ್ಟುಕೊಳ್ಳಬಹುದಲ್ಲವೇ? ಆದರೂ ಕರೆಯಲು ಅನುಕೂಲವಾಗಲೆಂದು ಮಾಳಪ್ಪ ಎನ್ನೋಣ.

ಮಾಳಪ್ಪನ ಹಿಂಡಿನಿಂದ ಒಂದು ಕೂಗಿನ ದೂರದಲ್ಲಿ ಇನ್ನೊಂದು ಹಿಂಡು ನಡೆಯುತ್ತಿತ್ತು. ಅದು ಅಮೋಗಿಯದು. ಅಮೋಗಿ ಐದಾರು ವರ್ಷ ಚಿಕ್ಕವನು, ಇವನನ್ನು ‘ಮಾಳಣ್ಣ’ ಎಂದೇ ಕರೆಯುವವನು. ಹನ್ನೆರಡು ವರ್ಷ ಇಬ್ಬರೂ ಜೊತೆಯಾಗಿ ಬಯಲು ಅಲೆದಿದ್ದರು. ಒಬ್ಬನ ನಾಯಿ ಬೊಗಳಿದರೆ ಇನ್ನೊಬ್ಬನೂ ಎದ್ದು ಕೂಡುತ್ತಿದ್ದ. ಇಬ್ಬರ ಬಳಿಯೂ ಒಂದೊಂದು ಫೋನು ಇತ್ತು. ಬಯಲಿನಲ್ಲಿ ಕರೆಂಟು ಎಲ್ಲಿಂದ ಬರಬೇಕು? ಹತ್ತಿರದ ಹಳ್ಳಿಯ ಹಿಟ್ಟಿನ ಗಿರಣಿಗೆ ಹೋಗಿ ಚಾರ್ಜಿಗೆ ಹಾಕಬೇಕು. ಒಂದು ದಿನ ಎರಡೂ ಫೋನುಗಳನ್ನು ಅವನು ಒಯ್ಯುವನು, ಇನ್ನೊಂದು ದಿನ ಇವನು. ಒಬ್ಬ ಹೋದಾಗ ಇನ್ನೊಬ್ಬ ಎರಡೂ ಹಿಂಡು ಕಾಯುವನು. ಈ ಒಂದು ನಡಿಗೆಯ ಮೇಲೆ ಹನ್ನೆರಡು ವರ್ಷದ ಸ್ನೇಹ ನಿಂತಿತ್ತು.

ಇನ್ನು, ಮಾಳಪ್ಪನಿಗೆ ಫೋನು ಏಕೆ ಬೇಕು ಎಂಬುದನ್ನೂ ತಿಳಿಯಬೇಕು. ಸುಗ್ಗಿ ಮುಗಿದ ಬರಿಹೊಲದಲ್ಲಿ ನಾಲ್ಕಾರು ರಾತ್ರಿ ಹಿಂಡನ್ನು ಮಲಗಿಸಿದರೆ ಕುರಿಯ ಹಿಕ್ಕೆಯೇ ನೆಲಕ್ಕೆ ಗೊಬ್ಬರ. ಇದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಅಲ್ಲಿಂದ ಎರಡು ದಿನದ ದಾರಿಯಲ್ಲಿ ಒಬ್ಬ ಗೌಡ್ತಿಯ ಎರೆಹೊಲ. ಮಾಳಪ್ಪನ ತಂದೆಯ ಕಾಲದಿಂದಲೂ ಆ ಹೊಲದ ಮೊದಲ ತರುಬು ಇವರದೇ. ಎಂಟು ವರ್ಷದ ಹಿಂದೆ ಹಿಂಡು ಅಲ್ಲಿ ಇಳಿದಿದ್ದಾಗಲೇ ತಂದೆ ತೀರಿಕೊಂಡ. ಊರಿಲ್ಲದವನನ್ನು ಎಲ್ಲಿ ಮಣ್ಣು ಮಾಡುವುದು? ಆಗ ಗೌಡ್ತಿ ಹೇಳಿದಳು: “ವರ್ಷಾ ಇಲ್ಲೇ ಮಲಗ್ತಿದ್ದ ಮನಶ್ಯಾ. ಇಲ್ಲೇ ಮಲಗಲಿ ಬಿಡ್ರಿ.” ಬದುವಿನ ಬನ್ನಿ ಗಿಡದ ಬುಡದಲ್ಲಿ ಅವನನ್ನು ಮಲಗಿಸಿ ಒಂದು ಕಲ್ಲು ನಿಲ್ಲಿಸಿದರು. ಅಂದಿನಿಂದ ಹಿಂಡು ಹೊಲಕ್ಕೆ ಇಳಿದ ದಿನ ಮೊದಲ ಕುರಿಯ ಹಾಲು ಕರೆದು ಆ ಕಲ್ಲಿಗೆ ಎರೆಯುವುದು ನಡೆದುಬಂತು. ಮಾಳಪ್ಪನಿಗೆ ಊರು ಎಂಬುದೇನಾದರೂ ಇದ್ದರೆ ಆ ಕಲ್ಲೊಂದೇ.

ಜೋಳ ತೆಗೆದು ಹೊಲ ಬಯಲಾದ ದಿನ ಗೌಡ್ತಿ ಫೋನು ಮಾಡುವಳು. ಮೂರು ದಿನದೊಳಗೆ ಹಿಂಡು ಹೋಗಬೇಕು. ಹೋಗದಿದ್ದರೆ ಹೊಲದವರು ಬೇರೆ ಹಿಂಡನ್ನು ಕರೆಯುತ್ತಾರೆ. ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಮಾಳಪ್ಪ ಯಾರಿಗೂ ಫೋನು ಮಾಡುವವನಲ್ಲ. ವರ್ಷಕ್ಕೆ ಆ ಒಂದು ಕರೆ ಬಂದರೆ ಅವನ ಫೋನಿನ ಕೆಲಸ ಮುಗಿಯಿತು.

ಹೀಗಿರುವಾಗ ಒಂದು ಮಂಗಳವಾರ ಅಮೋಗಿ ಸಂತೆಗೆ ಹೋಗಿಬಂದ. ಬಂದವನ ಕೊರಳಲ್ಲಿ ಕೆಂಪು ದಾರ, ದಾರದಲ್ಲಿ ಅಂಗೈಯಗಲದ ಒಂದು ಬಿಳಿ ಡಬ್ಬಿ, ಡಬ್ಬಿಯ ಮೈಮೇಲೆ ನಾಲ್ಕು ನೀಲಿ ದೀಪ. ನಿಮ್ಮ ಮಕ್ಕಳು ಇದನ್ನು ಪವರ್ ಬ್ಯಾಂಕ್ ಎನ್ನುತ್ತಾರೆ. ಕುರಿಗಾರರು ಕರೆಂಟ್ ಡಬ್ಬಿ ಎಂದರು.

“ಏನೋ ಅದು, ಕೊರಳಾಗ ತಾಯತ ಕಟ್ಟಿದಂಗ ಕಟ್ಕೊಂಡೀಯಲ್ಲ?” ಎಂದು ಮಾಳಪ್ಪ ಕೇಳಿದ.

“ಕರೆಂಟ್ ಡಬ್ಬಿ, ಮಾಳಣ್ಣ. ಒಮ್ಮೆ ತುಂಬಿಸಿದ್ರ ನಾಕ ದಿನ ಫೋನ್ ಸಾಯಂಗಿಲ್ಲಂತ.”

“ಏನ್ ಕೊಟ್ಟಿ ಅದಕ್ಕ?”

“ಫುಕ್ಕಟ್. ಫೋನ್ ಕಂಪನಿಯವ್ರು ಸಂತ್ಯಾಗ ಛತ್ರಿ ಹಾಕ್ಯಾರ. ಹೆಬ್ಬಟ್ಟ ಒತ್ತು ಅಂದ್ರು, ಒತ್ತಿದೆ. ಕೊಟ್ರು.”

“ಮತ್ತೇನೂ ಕೇಳ್ಲಿಲ್ಲ?”

“ಫುಕ್ಕಟ್ ಅಂದ ಮ್ಯಾಲ ಏನ್ ಕೇಳ್ತಾರಣ್ಣ? ಕೊಡು, ನಿನ್ನ ಫೋನೂ ಇದಕ್ಕ ಹಚ್ಚತೀನಿ. ಇನ್ ಮ್ಯಾಲ ಗಿರಣಿಗೆ ಹೋಗೂದ ಬ್ಯಾಡ.”

ನೋಡಿ, ಅಮೋಗಿ ಒಳ್ಳೆಯ ಮಾತನ್ನೇ ಆಡಿದ. ಹಂಚಿಕೊಳ್ಳೋಣ ಎಂದ. ಆದರೆ ಆ ನೀಲಿ ದೀಪಗಳನ್ನು ಕಂಡ ಕ್ಷಣದಲ್ಲಿಯೇ ಮಾಳಪ್ಪನ ಎದೆಯೊಳಗೆ ಏನೋ ಒಂದು ಮಗ್ಗುಲು ಬದಲಿಸಿತ್ತು. ಅವನು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದ: “ಇರಲಿ ಬಿಡಪ್ಪ. ನನ್ನ ಫೋನ್ ಇನ್ನೂ ಗಿರಣಿ ಹಾದಿ ಮರ್ತಿಲ್ಲ.”

ಅಸೂಯೆ ಹುಟ್ಟಿದ್ದು ಹೀಗೆ. ಅದಕ್ಕೆ ದೊಡ್ಡ ಕಾರಣ ಬೇಕಿಲ್ಲ. ಅಂಗೈಯಗಲದ ಕಾರಣ ಸಾಕು. ನಿನ್ನೆಯವರೆಗೆ ಮಾಳಪ್ಪನಿಗೆ ಡಬ್ಬಿ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಇಲ್ಲವೆಂಬ ದುಃಖ ಇರಲಿಲ್ಲ. ಇಂದು ಅದು ಇನ್ನೊಬ್ಬನ ಕೊರಳಲ್ಲಿದೆ. ಇನ್ನೊಬ್ಬನ ಕೊರಳಲ್ಲಿ ಇದ್ದದ್ದರಿಂದಲೇ ಅದು ತನಗೆ ಇಲ್ಲ ಎಂದಾಯಿತು.

ಮರುದಿನದಿಂದ ಮಾಳಪ್ಪ ಗಿರಣಿಗೆ ಒಬ್ಬನೇ, ಒಂದೇ ಫೋನು ಹಿಡಿದು ನಡೆದ. ದಾರಿ ಅಷ್ಟೇ ಇದ್ದರೂ ಉದ್ದವಾಯಿತು. ಹಿಂಡು ಎಣಿಸುವಾಗ ಎರಡು ಸಲ ತಪ್ಪಿದ. ಅಮೋಗಿಯ ಟಗರು ನಡೆಯುವುದರಲ್ಲಿಯೂ ಅವನಿಗೆ ಸೊಕ್ಕು ಕಂಡಿತು. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಸಂಜೆಯ ನೋಟ. ಮೊದಲ ನಾಲ್ಕೈದು ದಿನ ಸುಮ್ಮನಿದ್ದ ಅಮೋಗಿ, ಆಮೇಲೆ ಪ್ರತಿ ಸಂಜೆ ಹಿಂಡು ಬಿಟ್ಟು ದೂರದ ದಿಬ್ಬವನ್ನು ಏರತೊಡಗಿದ. ದಿಬ್ಬದ ನೆತ್ತಿಯಲ್ಲಿ ಕಿವಿಗೆ ಫೋನು ಹಿಡಿದು, ಕೊರಳಲ್ಲಿ ನೀಲಿ ದೀಪ ಹೊಳೆಯಿಸುತ್ತ, ಮುಳುಗುವ ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದ.

“ನೋಡಲ್ಲಿ, ನಿಂತಾನ ಮಹಾರಾಜ,” ಎಂದು ಮಾಳಪ್ಪ ಹೆಂಡತಿಗೆ ತೋರಿಸಿದ. “ಸುತ್ತ ಹನ್ನೆರಡು ಹಳ್ಳಿಗೆ ತನ್ನ ಡಬ್ಬಿ ಕಾಣಲಿ ಅಂತ ದಿಬ್ಬಾ ಏರ್ಯಾನ.”

ಹೆಂಡತಿ ಹಾಲವ್ವ ಒಲೆಗೆ ಕಟ್ಟಿಗೆ ಮುರಿದು ಇಡುತ್ತ ಅಂದಳು: “ಆ ಡಬ್ಬಿಗೇನ್ ಹಾಲ ಕರಿಯಾಕ ಬರತೈತೇನ್ರಿ?”

“ನಿನಗೇನ್ ತಿಳೀತೈತಿ.”

“ನನಗ ತಿಳಿಯೂದು ಇಷ್ಟ. ಡಬ್ಬಿ ಅವನ ಕೊರಳಾಗ ಐತಿ, ಭಾರ ನಿಮಗ ಆಗೇತಿ.”

ಮಾಳಪ್ಪ ಮರುದಿನ ಅಮೋಗಿಯನ್ನೇ ಕೇಳಿದ: “ಚಲೋ ನಡದೈತೇನೋ ಡಬ್ಬಿ?” ಅಮೋಗಿ ಒಂದು ಉಸಿರಿನಷ್ಟು ತಡೆದು ಅಂದ: “ಭಾರೀ ಐತಿ, ಅಣ್ಣಾ.” ಆ ಒಂದು ಉಸಿರಿನ ತಡೆಯನ್ನು ಮಾಳಪ್ಪ ಗಮನಿಸಲಿಲ್ಲ. ಅಸೂಯೆ ಪಡುವವನು ದೀಪಗಳನ್ನು ಎಣಿಸುತ್ತಾನೆ. ಉಸಿರನ್ನು ಎಣಿಸುವುದಿಲ್ಲ.

ಮತ್ತೆ ಮಂಗಳವಾರ ಬಂತು. ಇಲ್ಲಿ ಕುರಿಸಂತೆಯ ಒಂದು ರೀತಿಯನ್ನು ಹೇಳಬೇಕು. ಅಲ್ಲಿ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಮೇಲೆ ಟವೆಲು ಮುಚ್ಚಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬೆಲೆಯ ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವೆಲು ಕಾಣುತ್ತದೆ, ಬೆರಳು ಕಾಣುವುದಿಲ್ಲ. ಇನ್ನೂ ಒಂದು ರೂಢಿ ಇದೆ. ತನಗೆ ನಂಬಿಕೆಯಿದ್ದವನು ಆಗಲೇ ಒಂದು ವ್ಯಾಪಾರ ಮುಗಿಸಿದ್ದರೆ, ಹಿಂದೆ ಬಂದವನು ಟವೆಲು ಹಾಕುವುದೇ ಇಲ್ಲ. ‘ಅವನಿಗೆ ಕೊಟ್ಟ ಮಾತೇ ನನಗೂ’ ಎನ್ನುತ್ತಾನೆ. ಬೆರಳನ್ನು ನೋಡದೆ ಒಪ್ಪಿಕೊಳ್ಳುತ್ತಾನೆ. ಕುರಿಗಾರರ ನಡುವೆ ಇದಕ್ಕೆ ಎಂದೂ ಮೋಸವಾಗಿಲ್ಲ. ಆ ನಂಬಿಕೆ ದೊಡ್ಡದು. ಆದರೆ ಅಂದು ಮಾಳಪ್ಪ ಅದನ್ನು ತೆಗೆದುಕೊಂಡು ಹೋದದ್ದು ಕುರಿ ಮಾರುವವನ ಹತ್ತಿರವಲ್ಲ.

ಸಂತೆಯ ತುದಿಯಲ್ಲಿ, ಫೋನ್ ಕಂಪನಿಯ ಸಿಗ್ನಲ್ ಗೋಪುರದ ಬುಡದಲ್ಲಿಯೇ ಬಣ್ಣದ ಛತ್ರಿ ಅರಳಿತ್ತು. ಕಂಪನಿಯ ಅಂಗಿ ತೊಟ್ಟವನೊಬ್ಬ ಡಬ್ಬಿಗಳನ್ನು ಗೋಪುರದಂತೆಯೇ ಒಂದರ ಮೇಲೊಂದು ಪೇರಿಸಿಟ್ಟಿದ್ದ.

“ಬರ್ರಿ ಕಾಕಾ. ಫುಕ್ಕಟ್ ಪವರ್ ಬ್ಯಾಂಕ್ ಐತಿ. ನಿಮ್ಮ ನಂಬರ ಅದ ಇರತೈತಿ, ನಮ್ಮ ಕಂಪನಿಗೆ ಬರಬೇಕ ಅಷ್ಟ. ಷರತ್ತ ಅದಾವ, ಓದ್ಲೇನ್ರಿ?”

ಅವನ ಕೈಯಲ್ಲಿ ಒಂದು ಕಾಗದ. ಕಾಗದದ ಮೇಲೆ ಇರುವೆ ಸಾಲಿನಂಥ ಅಕ್ಷರ. ಅವನು ಓದಲೇ ಎಂದು ಕೇಳಿದ್ದ. ಕೇಳಲೇ ಇಲ್ಲ ಎನ್ನುವಂತಿಲ್ಲ. ಮಾಳಪ್ಪ ಏನೆಂದ ಗೊತ್ತೇ?

“ಹಿಂದಿನ ಸಂತ್ಯಾಗ ಅಮೋಗಿ ಅಂತ ಒಬ್ಬ ಕುರಿಗಾರ ಬಂದಿದ್ದ, ಕರೀ ಕಂಬಳಿಯಾಂವ. ಅವಗ ಕೊಟ್ಟ ಮಾತ ನನಗೂ.”

“ಎಲ್ಲಾರಿಗೂ ಒಂದ ಮಾತ್ರಿ ನಮ್ಮದು. ಇಲ್ಲಿ ಹೆಬ್ಬಟ್ಟ ಇಡ್ರಿ.”

ಮಾಳಪ್ಪ ಹೆಬ್ಬೆರಳಿಟ್ಟ. ಗಾಜಿನ ಕೆಳಗೆ ಕೆಂಪು ಬೆಳಕು ಮಿನುಗಿತು. “ಹೊಸಾ ಸಿಮ್ ಹಾಕೀನ್ರಿ. ಐದ ದಿನಕ್ಕ ಹಳೇದ ನಿಂತು ಇದು ಸುರು ಆಗತೈತಿ,” ಎಂದು ಅವನು ಹೇಳಿದ್ದು ಮಾಳಪ್ಪನಿಗೆ ಅರ್ಧ ಕೇಳಿಸಿತು. ಉಳಿದರ್ಧ ಕಿವಿ ಆಗಲೇ ಅಮೋಗಿಯ ಬಾಯಿಂದ ಬರಬೇಕಾದ ಮಾತಿಗೆ ಕಾದಿತ್ತು.

ಅವನು ಡಬ್ಬಿಯನ್ನು ಹಸಿರು ದಾರದಲ್ಲಿ ಕಟ್ಟಿದ. ದಾರವಾದರೂ ಬೇರೆ ಬಣ್ಣದ್ದಿರಲಿ ಎಂದು. ನೇರವಾಗಿ ಅಮೋಗಿಯ ಹಿಂಡಿನ ಮುಂದೆಯೇ ಹಾದುಹೋದ. ಅಮೋಗಿ ನೋಡಿದ. ನೋಡಿದವನ ಮುಖ ಇಳಿಯಿತು. ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಅಷ್ಟೇ ಸಾಕಾಯಿತು. ಅಂದು ಮಾಳಪ್ಪನಿಗೆ ಹಾಲವ್ವನ ರೊಟ್ಟಿ ಎಂದಿಗಿಂತ ರುಚಿಯಾಯಿತು.

ಐದು ದಿನ ಕಳೆಯಿತು. ಹಳೆಯ ಸಿಮ್ ನಿಂತಿತು. ಫೋನಿನ ಮೂಲೆಯಲ್ಲಿ ಬ್ಯಾಟರಿಯ ಗುರುತು ಸದಾ ಹಸಿರಾಗಿ ತುಂಬಿರುತ್ತಿತ್ತು. ಅದರ ಪಕ್ಕದಲ್ಲಿದ್ದ ಇನ್ನೊಂದು ಗುರುತು, ಸಿಗ್ನಲ್ ಗೀಟುಗಳ ಗುರುತು, ಖಾಲಿಯಾಗಿತ್ತು. ಹೊಸ ಕಂಪನಿಗೆ ಸಂತೆಯೂರಿನಲ್ಲಿ ಗೋಪುರವಿತ್ತು, ಈ ಬಯಲಿನಲ್ಲಿ ಇರಲಿಲ್ಲ. ಮಾಳಪ್ಪ ತುಂಬಿದ್ದನ್ನು ನೋಡಿದ, ಖಾಲಿಯಾದದ್ದನ್ನು ನೋಡಲಿಲ್ಲ. ತುಂಬಿದೆಯಲ್ಲ, ಫೋನು ಗಟ್ಟಿಯಿದೆ ಎಂದುಕೊಂಡ. ಒಳಗೆ ಇಟ್ಟುಕೊಂಡಿದ್ದ ಡೊಳ್ಳಿನ ಪದಗಳು ಹಗಲಿಡೀ ಹಾಡುತ್ತಿದ್ದವು. ಹಾಡುವ ಫೋನು ಸತ್ತಿದೆಯೆಂದು ಯಾರಿಗೆ ತಿಳಿಯುತ್ತದೆ?

ಹಾಲವ್ವನೇ ಒಮ್ಮೆ ಅಂದಳು: “ಗೌಡ್ತ್ಯಾರ ಫೋನ್ ಇನ್ನೂ ಬರವಲ್ದಲ್ರಿ. ಹ್ವಾದ ವರ್ಷ ಇಷ್ಟೊತ್ತಿಗೆ ನಾವು ಹೊಲದಾಗ ಇದ್ವಿ.”

“ಜ್ವಾಳಾ ಇನ್ನೂ ನಿಂತಿರಬೇಕ.”

“ಎಲ್ಲಾ ಹೊಲಾ ಬೋಳಾಗ್ಯಾವು. ಅವರದೊಂದ ನಿಂತಿರತೈತೇನ್?”

ಆ ಮಾತು ಮಾಳಪ್ಪನ ಮನಸ್ಸಿನಲ್ಲಿ ಬೆಳೆಯಿತು. ಎತ್ತ ಬೆಳೆಯಿತು ನೋಡಿ. ಫೋನು ಏಕೆ ಬರಲಿಲ್ಲ ಎಂದು ಅವನು ಫೋನನ್ನು ಅನುಮಾನಿಸಲಿಲ್ಲ. ಅಮೋಗಿಯನ್ನು ಅನುಮಾನಿಸಿದ. ದಿನವೂ ಸಂಜೆ ದಿಬ್ಬ ಏರಿ ಯಾರೊಂದಿಗೆ ಮಾತಾಡುತ್ತಾನೆ ಅವನು? ಗೌಡ್ತಿಯ ನಂಬರು ಅವನಿಗೂ ಗೊತ್ತು. ಹನ್ನೆರಡು ವರ್ಷದಲ್ಲಿ ಎಷ್ಟೋ ಸಲ ಎರಡೂ ಫೋನುಗಳನ್ನು ಗಿರಣಿಗೆ ಒಯ್ದವನೇ ಅಲ್ಲವೇ? ಡಬ್ಬಿ ಮೊದಲು ಹೊಡೆದವನು ಹೊಲವನ್ನೂ ಹೊಡೆದ. ನನ್ನ ಅಪ್ಪನ ಕಲ್ಲಿನ ಮುಂದೆ ನಾಳೆ ಅವನ ಕುರಿ ಮಲಗುತ್ತವೆ.

ಅಸೂಯೆ ಒಮ್ಮೆ ಕಥೆ ಕಟ್ಟಲು ಕುಳಿತರೆ ಎಷ್ಟು ಅಚ್ಚುಕಟ್ಟಾಗಿ ಕಟ್ಟುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕೇ? ನಿಮ್ಮಲ್ಲಿ ಎಷ್ಟು ಮಂದಿ ಈ ವಾರ ಒಂದಾದರೂ ಕಟ್ಟಿಲ್ಲ?

ಅಂದು ಹೊತ್ತು ಇಳಿಯುವ ಮುನ್ನವೇ ಮಾಳಪ್ಪ ಕೋಲು ಹಿಡಿದು ದಿಬ್ಬ ಏರಿದ. ಅಮೋಗಿ ಆಗಲೇ ಮೇಲಿದ್ದ.

“ಯಾವಾಗ ಇಳಸ್ತಿಪಾ ಹಿಂಡು?” ಎಂದ ಮಾಳಪ್ಪ. ದನಿ ಕಟ್ಟಿಗೆಯಂತೆ ಒಣಗಿತ್ತು.

“ಎಲ್ಲಿ?”

“ಗೌಡ್ತಿ ಹೊಲದಾಗ. ದಿನಾ ಇಲ್ಲಿ ನಿಂತ ಮಾತ ಮುಗಿಸೀಯಲ್ಲ.”

“ಏನಣ್ಣಾ ಇದು, ಯಾವ ಗೌಡ್ತಿ, ಎಂಥಾ ಮಾತು...”

ಅಮೋಗಿ ಮಾತು ಮುಗಿಸುವ ಮೊದಲೇ ಮಾಳಪ್ಪನ ಸೊಂಟದಲ್ಲಿ ಏನೋ ನಡುಗಿತು. ಒಮ್ಮೆ, ಮತ್ತೊಮ್ಮೆ, ಮತ್ತೆ ಮತ್ತೆ. ದಿನಗಟ್ಟಲೆ ಬಾಯಿ ಕಟ್ಟಿಸಿಕೊಂಡಿದ್ದ ಫೋನು ಒಂದೇ ಉಸಿರಿನಲ್ಲಿ ಮಾತಾಡತೊಡಗಿತ್ತು. ಮಾಳಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಂಕಿಗಳನ್ನಷ್ಟೇ ಓದಬಲ್ಲ ಅಮೋಗಿ ತಾನೇ ಅದನ್ನು ತೆಗೆದುಕೊಂಡು ನೋಡಿದ. ನೋಡುತ್ತ ನೋಡುತ್ತ ಅವನ ದನಿ ಸಣ್ಣದಾಯಿತು.

“ಗೌಡ್ತ್ಯಾರು ಮಾಡ್ಯಾರಣ್ಣ. ಹನ್ನೊಂದ ಸಲ. ನಿನಗ ಹತ್ತಿಲ್ಲ.”

“ಯಾಕ ಹತ್ತಿಲ್ಲ? ಬ್ಯಾಟರಿ ತುಂಬೇತಲ್ಲ?”

“ಬ್ಯಾಟರಿ ತುಂಬಿದ್ರೇನಣ್ಣ. ಈ ಕಂಪನಿ ಕೆಳಗ ಬಯಲಾಗ ಸಿಗಂಗಿಲ್ಲ. ಈ ದಿಬ್ಬದ ಮ್ಯಾಲ ನಿಂತ್ರ ಒಂದ ಗೀಟ ಬರತೈತಿ. ಅದಕ್ಕ ನಾ ದಿನಾ ಏರಿ ಬರೂದು. ನಮ್ಮ ಅವ್ವಗ ಎದೀ ಬ್ಯಾನಿ. ದಿನಾ ಒಮ್ಮೆ ದನಿ ಕೇಳದಿದ್ರ ಆಗಂಗಿಲ್ಲ.”

“ಹಂಗಾರ ಹಳೇ ಕಂಪನಿಗೆ ಹೋಗಬೇಕಿಲ್ಲೊ.”

“ಎರಡ ವರ್ಷ ಬಿಡಂಗಿಲ್ಲಂತ ಬರದೈತಿ ಕಾಗದದಾಗ. ಡಬ್ಬಿನೂ ಅಲ್ಲೀ ಮಟಾ ಕಂಪನೀದಂತ, ನಮ್ಮದಲ್ಲ. ಗಿರಣಿಯಾಂವ ಓದಿ ಹೇಳಿದ. ಹೆಬ್ಬಟ್ಟ ಒತ್ತಿದ ಮ್ಯಾಲ.” ಅವನು ನೆಲ ನೋಡಿದ. “ನಾ ಇಲ್ಲಿ ನಿಂತಾಗ ಕೆಳಗ ತ್ವಾಳ ಬಂತು, ಅಣ್ಣಾ. ಎರಡ ಮರಿ ಒಯ್ತು.”

ಒಬ್ಬ ಹಿರಿಯರು ಎರಡು ಮರಿ ಎಂದರು, ಇನ್ನೊಬ್ಬರು ಮೂರು ಎಂದರು. ಕಡಿಮೆಯದನ್ನೇ ಹಿಡಿಯೋಣ. ಎರಡೇ ಸಾಕು.

ಮಾಳಪ್ಪ ಕೋಲನ್ನು ನೆಲಕ್ಕೆ ಇಟ್ಟ. ತಾನು ಕೆಳಗೆ ನಿಂತು ‘ಮಹಾರಾಜ’ ಎಂದು ಹಲ್ಲು ಕಡಿದಾಗ, ಮೇಲೆ ನಿಂತವನು ತಾಯಿಯ ಉಸಿರು ಕೇಳಲು ಮರಿಗಳನ್ನು ಕಳೆದುಕೊಳ್ಳುತ್ತಿದ್ದ. ಯಾವುದನ್ನು ವೈಭವವೆಂದು ಕಂಡು ಕರುಬಿದನೋ ಅದೇ ಅವನು ತೆತ್ತ ಬೆಲೆಯಾಗಿತ್ತು.

“ಮೊದಲ ಯಾಕ ಹೇಳ್ಲಿಲ್ಲೋ ನೀ? ನಾ ಕೇಳಿದ್ನಲ್ಲ, ಚಲೋ ನಡದೈತೇನು ಅಂತ.”

ಅಮೋಗಿ ಕೊರಳಿನ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಂದ: “ಖರೇ ಹೇಳ್ಲೇನಣ್ಣಾ? ಹನ್ನೆರಡ ವರ್ಷ ನಿನ್ನ ಹಿಂದ ನಡದೀನಿ. ನಿನ್ನ ಹಿಂಡು ದೊಡ್ಡದು, ನಿನ್ನ ಕುದುರಿ ದೊಡ್ಡದು, ಗೌಡ್ತಿ ಹೊಲಾನೂ ನಿನ್ನದ. ಯಾರೂ ನನ್ನ ಕಡೆ ಆಸೀಲೆ ನೋಡಿದ್ದಿಲ್ಲ. ನೀ ಆ ಡಬ್ಬಿ ಕಡೆ ನೋಡಿದ್ಯಲ್ಲ, ಅದು ನನಗ ರುಚಿ ಹತ್ತಿತ್ತು. ಮೋಸ ಹೋಗೀನಿ ಅಂದಿದ್ರ ನೀ ಹಂಗ ನೋಡೂದ ಬಿಡತಿದ್ದಿ.”

ಮಾಳಪ್ಪ ಗೌಡ್ತಿಗೆ ಫೋನು ಹಚ್ಚಿಸಿದ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

“ಮೂರ ದಿನಾ ಮಾಡಿದೆ, ಮಾಳಪ್ಪ. ಯಾವಾಕಿನೋ ಒಬ್ಬಾಕಿ ಸಿಗಂಗಿಲ್ಲ ಸಿಗಂಗಿಲ್ಲ ಅಂತಿದ್ಲು. ನಮ್ಮ ಮ್ಯಾಲ ಏನಾರ ಮುನಿಸ ಆಗಿರಬೇಕಂತ ಬ್ಯಾರೆ ಹಿಂಡಿಗೆ ಮಾತ ಕೊಟ್ಟೆ. ನಿನ್ನೆ ಇಳದಾರ.”

“ಅಪ್ಪನ ಕಲ್ಲಿಗೆ...”

“ಅವರ್ಯಾಕ ಎರೀತಾರಪ್ಪ, ಅವರಪ್ಪ ಅಲ್ಲಲ್ಲ. ನೀ ಬರ್ತಿ ಅಂತ ನಾ ಕಲ್ಲ ತೊಳದ ಇಟ್ಟೀನಿ.”

ಮರುದಿನ ಬೆಳಗಾಗುತ್ತಲೇ ಮಾಳಪ್ಪ ಹೊರಟ. ಎರಡೂ ಹಿಂಡುಗಳನ್ನು ಅಮೋಗಿ ಕಾಯ್ದ. ಕಾಯುವೆನೆಂದು ಹೇಳಲೂ ಇಲ್ಲ, ಇವನು ಕೇಳಲೂ ಇಲ್ಲ. ಗಿರಣಿಯ ದಿನಗಳಲ್ಲಿ ಹೇಗೋ ಹಾಗೆ. ಮಾಳಪ್ಪ ಒಂದಿಷ್ಟು ದಾರಿ ಬಸ್ಸಿನಲ್ಲಿ, ಒಂದಿಷ್ಟು ನಡೆದು, ಮಧ್ಯಾಹ್ನದ ಹೊತ್ತಿಗೆ ಹೊಲದ ಬದು ತಲುಪಿದ. ಜನ್ಮದಲ್ಲಿ ಮೊದಲ ಬಾರಿಗೆ ಆ ಹೊಲಕ್ಕೆ ಕುರಿಯಿಲ್ಲದೆ ಬಂದಿದ್ದ. ಎರೆಮಣ್ಣಿನ ತುಂಬ ಪರರ ಕುರಿ. ಅವನ ಟಗರು ಮಲಗುತ್ತಿದ್ದ ಮೂಲೆಯಲ್ಲಿ ಯಾರದೋ ಟಗರು. ಅವನು ಬನ್ನಿಯ ಬುಡದಲ್ಲಿ, ತೊಳೆದ ಕಲ್ಲಿನ ಮುಂದೆ ಬರಿಗೈಯಲ್ಲಿ ಕುಳಿತ.

ಆ ಹಿಂಡಿನ ಕುರಿಗಾರ ದೂರದಿಂದ ನೋಡಿದ. ಯಾರು ಏನು ಎಂದು ಕೇಳಿ ತಿಳಿದುಕೊಂಡ. ತನ್ನ ಹಿಂಡಿನ ಒಂದು ಕುರಿಯನ್ನು ಹಿಡಿದು ತಂದು ನಿಲ್ಲಿಸಿದ. “ಕರಕೋ ಅಣ್ಣಾ. ಹಾಲಿಗೇನ್ ಹೆಸರಿರತೈತೇನು,” ಎಂದ. ಮಾಳಪ್ಪ ಕರೆದ. ಒಂದು ಹನಿಯನ್ನೂ ಚೆಲ್ಲಲಿಲ್ಲ. ಎರೆದ. ಪರರ ಹಾಲು ತಂದೆಯ ಕಲ್ಲಿನ ಮೇಲಿಂದ ಇಳಿದು ಮಣ್ಣಿಗೆ ಸೇರಿತು.

ಕಥೆ ಇಲ್ಲಿಗೆ ಮುಗಿಯಿತೆಂದು ನೀವು ತಿಳಿದಿರಿ. ಮುಗಿಯಲಿಲ್ಲ. ಬಾಗಿ ಏಳುವಾಗ ಮಾಳಪ್ಪನ ಕಂಬಳಿ ಸರಿಯಿತು. ಹಸಿರು ದಾರ, ನಾಲ್ಕು ನೀಲಿ ದೀಪ ಹೊರಗೆ ಬಂದವು. ಆ ಕುರಿಗಾರನ ಕಣ್ಣು ಅಲ್ಲಿಗೆ ಹೋಯಿತು. ಹೋದ ಕಣ್ಣು ಅಲ್ಲೇ ನಿಂತಿತು.

“ಕರೆಂಟ್ ಡಬ್ಬೀನ ಅಣ್ಣಾ? ಭಾರೀ ಐತಲ್ಲ. ಏನ್ ಕೊಟ್ಟಿ ಅದಕ್ಕ?”

ಮಾಳಪ್ಪ ಆ ನೋಟವನ್ನು ಗುರುತಿಸಿದ. ಹೇಗೆ ಗುರುತಿಸದಿದ್ದಾನು? ಮೂರು ವಾರ ಅದು ತನ್ನದೇ ಕಣ್ಣಿನಲ್ಲಿ ಮನೆ ಮಾಡಿತ್ತು. ಇವನು ತನ್ನ ಹೊಲದಲ್ಲಿ, ತನ್ನ ಜಾಗದಲ್ಲಿ, ತನ್ನ ಅಪ್ಪನ ಪಕ್ಕದಲ್ಲಿ ಹಿಂಡು ಮಲಗಿಸಿದವನು. ಇವನ ಮೇಲೆ ಹೊಟ್ಟೆ ಉರಿದುಕೊಂಡೇ ತಾನು ಬದು ಹತ್ತಿದ್ದ. ಈಗ ಆ ಉರಿ ಇವನ ಕಣ್ಣಿಗೆ ದಾಟಿತ್ತು. ಮತ್ತು, ನಿಜ ಹೇಳಬೇಕೆಂದರೆ, ಅದು ಹಿತವಾಗಿತ್ತು. ಅಮೋಗಿ ರುಚಿ ಎಂದದ್ದು ಏನೆಂದು ಆಗ ತಿಳಿಯಿತು. ‘ಫುಕ್ಕಟ್’ ಎಂಬ ಒಂದೇ ಮಾತು ಆಡಿದ್ದರೆ ಸಾಕಿತ್ತು. ಮುಂದಿನ ಮಂಗಳವಾರ ಇವನೂ ಛತ್ರಿಯ ಕೆಳಗೆ ನಿಂತು ‘ಮಾಳಪ್ಪಗ ಕೊಟ್ಟ ಮಾತ ನನಗೂ’ ಎನ್ನುತ್ತಿದ್ದ. ಮುಂದಿನ ಸುಗ್ಗಿಗೆ ಗೌಡ್ತಿಯ ಫೋನು ಇವನಿಗೂ ಹತ್ತುತ್ತಿರಲಿಲ್ಲ. ಸುಳ್ಳನ್ನೂ ಹೇಳಬೇಕಿರಲಿಲ್ಲ.

ಮಾಳಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದ. ಆ ಕುರಿಗಾರ ರೂಢಿಯಂತೆ ತನ್ನ ಕೈ ಮುಂದೆ ಚಾಚಿದ, ಬೆರಳು ಹಿಡಿದು ಹೇಳುವನೆಂದು. ಮಾಳಪ್ಪ ಟವೆಲನ್ನು ಕೈಮೇಲೆ ಹೊದಿಸಲಿಲ್ಲ. ಮಡಿಸಿ, ತಂದೆಯ ಕಲ್ಲಿನ ಪಕ್ಕದಲ್ಲಿ ನೆಲದ ಮೇಲೆ ಇಟ್ಟ. ಬಿಸಿಲಿನಲ್ಲಿ ತನ್ನ ಬರಿಯ ಕೈಯನ್ನು ಎತ್ತಿ ಹಿಡಿದ.

“ಕುಂಡ್ರು, ತಮ್ಮಾ,” ಎಂದ. “ಏನ್ ಕೊಟ್ಟೆ ಅಂತ ಒಂದೊಂದ ಬೆರಳ ಮಡಚಿ ಹೇಳತೀನಿ.”

ಶರಣಬಂಧುಗಳೇ, ಅವನು ಎಷ್ಟು ಬೆರಳು ಮಡಿಸಿದನೆಂಬುದು ನಿಮಗೆ ಗೊತ್ತಿದೆ. ಹೊಲ, ಕರೆ, ಎರಡು ವರ್ಷ, ಗೆಳೆಯನ ಜೊತೆಗಿನ ಗಿರಣಿಯ ದಾರಿ. ನನಗೆ ಬೇಕಾದ ಪ್ರಶ್ನೆ ಬೇರೆ. ನೀವು ಎಷ್ಟು ಬೆರಳು ಮುಚ್ಚಿಟ್ಟುಕೊಂಡು ಇಲ್ಲಿ ಕುಳಿತಿದ್ದೀರಿ?

ಎದುರುಮನೆಯವರು ಹೊಸ ಮಹಡಿ ಕಟ್ಟಿದರು. ಹೊಟ್ಟೆ ಉರಿಯಿತು. ಅವರು ಯಾವ ಕಾಗದಕ್ಕೆ ಹೆಬ್ಬೆರಳಿಟ್ಟರು, ಕೇಳಿದಿರಾ? ಓರಗಿತ್ತಿಯ ಮಗಳನ್ನು ದೊಡ್ಡ ಮನೆಗೆ ಕೊಟ್ಟರು. ಕಣ್ಣು ಕೆಂಪಾಯಿತು. ಆ ಮಗಳು ಯಾವ ದಿಬ್ಬ ಏರಿ ತಾಯಿಯ ದನಿ ಕೇಳುತ್ತಾಳೆ, ವಿಚಾರಿಸಿದಿರಾ? ನಾವು ಕರುಬುವುದು ಡಬ್ಬಿಯನ್ನು ಕಂಡು. ಷರತ್ತನ್ನು ಕಂಡು ಕರುಬಿದವರು ಈ ಲೋಕದಲ್ಲಿ ಒಬ್ಬರೂ ಇಲ್ಲ.

ಆದರೆ ಅಸೂಯೆ ಪಟ್ಟವನನ್ನು ಮಾತ್ರ ಬೈದು ನಾನು ಎದ್ದುಹೋದರೆ ಈ ದೃಷ್ಟಾಂತಕ್ಕೆ ಅನ್ಯಾಯವಾಗುತ್ತದೆ. ಮಾಳಪ್ಪನಿಗೆ ಕಾಣದ ಹಾಗೆ ಷರತ್ತನ್ನು ಮೊದಲು ಮುಚ್ಚಿದವನು ಕಂಪನಿಯವನು. ಎರಡನೆಯ ಬಾರಿ ಮುಚ್ಚಿದವನು ಗೆಳೆಯ. ಕಂಪನಿಯವನು ಸಣ್ಣ ಅಕ್ಷರದಲ್ಲಿ ಮುಚ್ಚಿದ, ಗೆಳೆಯ ‘ಭಾರೀ ಐತಿ’ ಎಂಬ ದೊಡ್ಡ ಮಾತಿನಲ್ಲಿ ಮುಚ್ಚಿದ. ನಾವು ಮೋಸಹೋದದ್ದನ್ನು ನಾಚಿಕೆಯಿಂದ ಮುಚ್ಚಿಡುತ್ತೇವೆ. ನಮ್ಮನ್ನು ಕಂಡು ಕರುಬುವ ಕಣ್ಣುಗಳ ರುಚಿಗಾಗಿ ಮುಚ್ಚಿಡುತ್ತೇವೆ. ಹಾಗೆ ಮುಚ್ಚಿಟ್ಟ ಪ್ರತಿಯೊಬ್ಬನೂ ಸಂಬಳವಿಲ್ಲದೆ ಆ ಛತ್ರಿಯ ಕೆಳಗೆ ಕೆಲಸಕ್ಕೆ ಕುಳಿತಂತೆ.

ಇಂದು ನಮ್ಮ ಮಠದ ಬಾಗಿಲಿನ ಎದುರು, ನೀವು ಚಪ್ಪಲಿ ಬಿಟ್ಟ ಕಡೆಯೇ, ಒಂದು ಬಣ್ಣದ ಛತ್ರಿ ಹಾಕಿದ್ದಾರೆ. ಒಳಗೆ ಬರುವಾಗ ನಾನೂ ನೋಡಿದೆ, ನೀವೂ ನೋಡಿದಿರಿ. ಪ್ರವಚನ ಬೇಗ ಮುಗಿದರೆ ಡಬ್ಬಿ ಮುಗಿಯುವುದರೊಳಗೆ ಹೋಗಬಹುದೆಂದು ಮೂರ್ನಾಲ್ಕು ಮಂದಿ ಹೊರಗೆ ಕತ್ತು ಚಾಚುತ್ತಿರುವುದೂ ಇಲ್ಲಿಂದ ಕಾಣುತ್ತಿದೆ. ಹೋಗಬೇಡಿ ಎನ್ನುವುದಿಲ್ಲ. ಬೇಕಾದವರು ಹೋಗಿ. ಆದರೆ ನಿಂತು ಓದಿಸಿಕೊಳ್ಳಿ. ಓದುವವನು ಬೇಸರಪಡಲಿ, ಹಿಂದೆ ನಿಂತವರು ಗೊಣಗಲಿ, ಕೊನೆಯ ಅಕ್ಷರದವರೆಗೆ ಓದಿಸಿಕೊಳ್ಳಿ. ಪಕ್ಕದವರು ತೆಗೆದುಕೊಂಡರೆಂಬುದನ್ನೇ ಓದಿದ ಲೆಕ್ಕಕ್ಕೆ ಹಿಡಿಯಬೇಡಿ.

ತೆಗೆದುಕೊಂಡು ಮನೆಗೆ ಹೋದ ಮೇಲೆ ನಾಳೆ ಬೆಳಗ್ಗೆ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ ಕೇಳುತ್ತಾರೆ: ‘ಏನ್ ಕೊಟ್ರಿ ಅದಕ್ಕ?’ ಆಗ ಅವರ ಕಣ್ಣಿನಲ್ಲಿ ಆ ನೋಟ ಇರುತ್ತದೆ. ನಿಮ್ಮ ಎದೆಗೆ ಹಿತವಾಗುತ್ತದೆ. ಆ ಹಿತ ಗಂಟಲಿನಿಂದ ಮಾತಾಗಿ ಹೊರಬೀಳುವ ಮೊದಲು ಹೆಗಲ ಮೇಲಿನ ಟವೆಲು ತೆಗೆದು ಕೆಳಗಿಡಿ. ಕೂಡ್ರಿಸಿ. ಬೆರಳು ಮಡಿಸಿ ಹೇಳಿ.